ಊದುವ ವಾದ್ಯಕ್ಕೆ ಮರ ಕೊಳ್ಳುವಾಗ ಏನೇನು ನೋಡಬೇಕು

ಕ್ಲಾರಿನೆಟ್, ಓಬೋ ಮಾಡುವವರು ಹೆಚ್ಚಾಗಿ ಹುಡುಕುವುದು ಗ್ರೆನಡಿಲ್ಲಾ ಮರವನ್ನು. ಆಫ್ರಿಕನ್ ಬ್ಲ್ಯಾಕ್‌ವುಡ್ ಅಂದರೂ ಅದೇ. ಬೀಟೆಯ ಕುಲದ್ದು, ಡಾಲ್ಬರ್ಜಿಯಾ ಮೆಲನಾಕ್ಸಿಲಾನ್. ಮುಖ್ಯವಾಗಿ ಟಾಂಜಾನಿಯಾ, ಮೊಜಾಂಬಿಕ್‌ನಿಂದ ಬರುತ್ತದೆ. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ಮರ ಬಲಿಯಲು ದಶಕಗಳೇ ಬೇಕು, ಕಾಂಡವೂ ಸಣ್ಣದು, ಸೊಟ್ಟ, ಹಾಗಾಗಿ ವಾದ್ಯಕ್ಕೆ ಆಗುವ ನೇರ ತುಂಡು ಸಿಗುವುದು ಕಡಿಮೆ.

ದರ ಕೇಳುವ ಮೊದಲು ಕಾಗದ ಕೇಳಿ. 2017ರಿಂದ ಇಡೀ ಡಾಲ್ಬರ್ಜಿಯಾ ಕುಲ ಸೈಟ್ಸ್ ಒಪ್ಪಂದದ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ದೇಶ-ದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಎರಡನೇ ಪಟ್ಟಿಯಲ್ಲಿದೆ. ಬ್ರೆಜಿಲ್‌ನ ರೋಸ್‌ವುಡ್ ಮಾತ್ರ 1992ರಿಂದಲೇ ಇನ್ನೂ ಬಿಗಿಯಾದ ಮೊದಲನೇ ಪಟ್ಟಿಯಲ್ಲಿದೆ, ಅದರ ತಂಟೆಗೇ ಹೋಗಬೇಡಿ. 2019ರಲ್ಲಿ ವಿನಾಯಿತಿ ಸಿಕ್ಕಿತಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸಿಕ್ಕಿದ್ದು ತಯಾರಾದ ವಾದ್ಯಕ್ಕೆ, ಅದರ ಸಿದ್ಧ ಭಾಗಗಳಿಗೆ. ಕೊಯ್ದ ತುಂಡು ಬೇರೆ ದೇಶದಿಂದ ಬರಬೇಕಾದರೆ ಪರವಾನಗಿ ಬೇಕೇ ಬೇಕು. ಬಿಲ್ಲಿನಲ್ಲಿ ಮರದ ವೈಜ್ಞಾನಿಕ ಹೆಸರು ಬರೆಸಿಕೊಂಡು ಜೋಪಾನವಾಗಿಡಿ. ಸುಮ್ನೆ 'ರೋಸ್‌ವುಡ್' ಅಂತ ಬರೆದುಕೊಡುವವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ.

ಇನ್ನು ತುಂಡನ್ನೇ ಕೈಗೆತ್ತಿಕೊಳ್ಳಿ. ಎಳೆಗಳು ಅಂಚಿಗೆ ಸಮನಾಗಿ ಉದ್ದಕ್ಕೂ ಓಡಬೇಕು. ಓರೆಯಾಗಿ ಹೊರಗೆ ಹೋಗುತ್ತಿದ್ದರೆ ಮುಂದೆ ಅದು ಬಾಗುತ್ತದೆ. ತುದಿಯಲ್ಲಿ ಮರದ ನಡುತಿರುಳು ಕಂಡರೆ ಬೇಡ, ಅಲ್ಲಿಂದಲೇ ಬಿರುಕು ಶುರು. ಕಪ್ಪು ಚೇಗು ಮಾತ್ರ ಲೆಕ್ಕಕ್ಕೆ, ಹೊರಗಿನ ಹಳದಿ ಭಾಗವನ್ನು ಬಿಟ್ಟು ಅಳತೆ ಹಾಕಿ. ಮೈತುಂಬ ಮೇಣ ಬಳಿದಿದ್ದರೆ ಒಂದು ಕಡೆ ಕೆರೆಯಲು ಕೇಳಿ. ಕೆರೆದ ಜಾಗವನ್ನು ಸ್ಪಿರಿಟ್ಟಿನಲ್ಲಿ ಒರೆಸಿ ನೋಡುತ್ತಿರಿ: ಸುತ್ತಲೂ ಬೇಗ ಆರುತ್ತದೆ, ಕೂದಲೆಳೆಯ ಬಿರುಕಿದ್ದರೆ ಅಲ್ಲಿ ಮಾತ್ರ ಒದ್ದೆ ಗೆರೆ ಸ್ವಲ್ಪ ಹೊತ್ತು ಉಳಿಯುತ್ತದೆ.

'ಒಣಗಿದೆ' ಅನ್ನುವ ಮಾತನ್ನು ನಂಬಬೇಡಿ, ತೂಕ ನಂಬಿ. ಮನೆಗೆ ತಂದ ದಿನವೇ ತೂಗಿ, ತೂಕ ಮತ್ತು ತಾರೀಖನ್ನು ತುಂಡಿನ ಮೇಲೇ ಬರೆಯಿರಿ. ತುದಿಗಳಿಗೆ ಮೇಣ ಇರಲಿ, ಬಿಸಿಲು ಬೇಡ. ತಿಂಗಳಿಗೊಮ್ಮೆ ತೂಗುತ್ತಾ ಹೋಗಿ. ತೂಕ ಇಳಿಯುವುದು ನಿಂತ ಮೇಲೆ ಬೇಕಾದ್ದಕ್ಕಿಂತ ಕೆಲವು ಮಿಲಿಮೀಟರ್ ದಪ್ಪ ಉಳಿಸಿ ಲೇತ್‌ನಲ್ಲಿ ಉರುಟು ಮಾಡಿ, ನಡುವೆ ಸಣ್ಣ ತೂತು ಕೊರೆದು, ಮತ್ತೆ ಕೆಲವು ತಿಂಗಳು ಹಾಗೇ ಬಿಡಿ. ಈಗ ಒಳಗಿನಿಂದಲೂ ತೇವ ಹೋಗುತ್ತದೆ, ಮರದಲ್ಲಿದ್ದ ಬಿಗಿ ಸಡಿಲವಾಗುತ್ತದೆ. ಬಾಗುವುದಿದ್ದರೆ ಈಗಲೇ ಬಾಗಲಿ, ವಾದ್ಯದ ತೂತು ಮುಚ್ಚಿ ತೆರೆಯುವ ಕೀಲಿಗಳನ್ನು ಕೂರಿಸಿದ ಮೇಲೆ ಬಾಗಿದರೆ ಅಷ್ಟೂ ಕೆಲಸ ಹಾಳು.

ಕೊರೆಯುವಾಗ ಒಳ್ಳೆಯ ಮಾಸ್ಕ್ ಹಾಕಿ. ಈ ಕುಲದ ಮರಗಳ ಪುಡಿ ಚರ್ಮಕ್ಕೂ ಶ್ವಾಸಕ್ಕೂ ಅಲರ್ಜಿ ತರುತ್ತದೆ, ಅದರಲ್ಲೂ ಕೊಕೊಬೊಲೊ ತುಂಬಾ ಕೆಟ್ಟದ್ದು.