ಪಂಚಾಂಗ ಹಿಡಿದು ಪರದೇಶದಲ್ಲಿ ಊಟ: ನನ್ನ ಅನುಭವ

ಹಾಲು, ಮೊಸರು, ತುಪ್ಪ ಬಿಟ್ಟವನು ಹೊರದೇಶಕ್ಕೆ ಹೋದರೆ ಬಾಳೆಹಣ್ಣೇ ಗತಿ ಅಂತ ಮೂಡಿಗೆರೆಯ ಪ್ಲಾಂಟರ್ ಗೆಳೆಯರು ಪಂದ್ಯ ಕಟ್ಟಿದ್ದರು. ಭಾವ ಅಂತೂ ‘ನೀನು ಚಾರ್ಮಾಡಿ ಇಳಿದ್ರೆ ಉಪವಾಸ ಕಣೋ’ ಅಂದಿದ್ದರು. ಈಗ ಅವರೇ ಟಿಕೆಟ್ ತೆಗೆಸುವ ಮುಂಚೆ ನನಗೆ ಫೋನ್ ಮಾಡುತ್ತಾರೆ.

ಮೊದಮೊದಲು ನಾನೂ ಎಲ್ಲರ ಹಾಗೆ ಆ್ಯಪ್‌ನಲ್ಲಿ ವೀಗನ್ (ಪ್ರಾಣಿಗಳಿಂದ ಬಂದದ್ದು ಏನೂ ಬಳಸದ) ಹೋಟೆಲ್ ಹುಡುಕುತ್ತಿದ್ದೆ. ವಿಯೆಟ್ನಾಂನ ಡಕ್ ಲಕ್ ಕಡೆ ರೊಬಸ್ಟಾ ಕಾಫಿ ತೋಟ ನೋಡಲು ಹೋದಾಗ ಟ್ಯಾಕ್ಸಿಗೆ ಐನೂರು ಆರುನೂರು ಸುರಿದು ಹೋದರೆ ಹೋಟೆಲಿಗೆ ಬೀಗ. ಇಂಡಿಯನ್ ರೆಸ್ಟೋರೆಂಟ್ ಇನ್ನೂ ದುಬಾರಿ. ಅನ್ನ, ದಾಲ್‌ಗೆ ಎಂಟುನೂರು ರೂಪಾಯಿ ಹತ್ತಿರ ಕೊಟ್ಟೆ, ಮೇಲೆ ಬೆಣ್ಣೆ ತೇಲುತ್ತಿತ್ತು! ವಿಮಾನದಲ್ಲೂ ಅದೇ ಕಥೆ. ಏಜೆಂಟ್ ‘ವೆಜ್ ಹಾಕಿದೀನಿ ಸಾರ್’ ಅಂದಿದ್ದ. ಹಾಕಿದ್ದು ಎ.ವಿ.ಎಂ.ಎಲ್. ಕೋಡ್, ಅಂದರೆ ಏಷ್ಯನ್ ವೆಜಿಟೇರಿಯನ್ ಊಟ, ಪನೀರೂ ಮೊಸರೂ ಬಂತು. ನಮಗೆ ಬೇಕಾದದ್ದು ವೀಗನ್ ಊಟದ ಕೋಡ್ ವಿ.ಜಿ.ಎಂ.ಎಲ್. ಅದನ್ನೀಗ ಎರಡು ದಿನ ಮುಂಚೆ ನಾನೇ ಹಾಕುತ್ತೇನೆ. ಹೊರಡಲು 24 ಗಂಟೆಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಆಮೇಲೆ ವೀಗನ್ ಹೋಟೆಲ್ ಹುಡುಕೋದನ್ನೇ ಬಿಟ್ಟೆ. ಆ ಊರಿನವರು ಯಾವತ್ತು ವ್ರತ ಮಾಡುತ್ತಾರೆ, ಆವತ್ತು ಎಲ್ಲಿ ಉಣ್ಣುತ್ತಾರೆ ಅಂತ ನೋಡತೊಡಗಿದೆ. ವಿಯೆಟ್ನಾಂನ ಅನೇಕ ಬೌದ್ಧರು ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ಮುಟ್ಟುವುದಿಲ್ಲ. ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆ, ಒಂದು ದಿನ ಆಚೆ ಈಚೆ. ಮನೆಯ ಪಂಚಾಂಗ ನೋಡಿಯೇ ಟಿಕೆಟ್ ಬುಕ್ ಮಾಡಿದೆ. ಗೆಳೆಯರು ನಕ್ಕರು. ಆದರೆ ಆ ದಿನಗಳಲ್ಲಿ ‘ಚಾಯ್’ (ಟೀ ಅಲ್ಲ, ಅಲ್ಲಿ ಸಸ್ಯಾಹಾರ ಅಂತ ಅರ್ಥ) ಬೋರ್ಡಿನ ಅಂಗಡಿಗಳು ಬೆಳಗ್ಗೆಯಿಂದಲೇ ತುಂಬಿರುತ್ತವೆ. ಗಾಜಿನ ಪೆಟ್ಟಿಗೆಯೊಳಗೆ ಸಾಲು ಸಾಲು ತಟ್ಟೆ. ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್) ಹಾಕಿ ಹುರಿದ ತೋಫು, ಎಳೆ ಹಲಸಿನಕಾಯಿ, ಯಾವುದೋ ಸೊಪ್ಪಿನ ಪಲ್ಯ. ಬೆರಳು ತೋರಿಸಿದರೆ ಅನ್ನದ ಮೇಲೆ ಬಡಿಸಿ ಕೊಡುತ್ತಾರೆ. ಮೂವತ್ತೈದು ಸಾವಿರ ಡಾಂಗ್, ನಮ್ಮ ನೂರಿಪ್ಪತ್ತು ರೂಪಾಯಿ ಆಸುಪಾಸು. ಮಾಮೂಲಿ ಹೋಟೆಲಿನಲ್ಲಿ ಬರೀ ಸೊಪ್ಪು ಕೇಳಿದರೂ ಮೀನಿನ ಸಾಸ್ ಬಿದ್ದಿರುತ್ತದೆ, ಅಲ್ಲಿಗೆ ಹೋಗಲೇಬೇಡಿ. ಕಾಫಿಗೂ ಮಂದ ಹಾಲು ಸುರಿಯುತ್ತಾರೆ, ಮೊದಲೇ ಕಪ್ಪು ಕಾಫಿ ಅಂತ ಹೇಳಿಬಿಡಿ.

ಥಾಯ್ಲೆಂಡಿಗೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋಗಿ. ಮಾಂಸ, ಮೊಟ್ಟೆ, ಹಾಲು ಬಿಡುವ ಒಂಬತ್ತು ದಿನದ ‘ಜೇ’ ಹಬ್ಬ ಬರುತ್ತದೆ, ಹೆಚ್ಚಿನ ವರ್ಷ ನಮ್ಮ ನವರಾತ್ರಿ ಹೊತ್ತಿಗೇ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಕಣ್ಣುಮುಚ್ಚಿ ತಿನ್ನಬಹುದು. ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಮಡಿ ಜಾಸ್ತಿ ಇರುವ ನಮ್ಮ ಮಾವನೇ ಒಪ್ಪಿದರು ಅಂದ ಮೇಲೆ ಇನ್ನೇನು!

ಇಥಿಯೋಪಿಯಾ ನನಗೆ ತುಂಬಾ ಹಿಡಿಸಿತು. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ವ್ರತ. ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ‘ಯೆತ್ಸೋಮ್ ಬೆಯಾಯ್ನೆತು’ ಅಂತ ಕೇಳಿದರೆ ಅಗಲವಾದ ಇಂಜೆರಾ ಮೇಲೆ ಬೇಳೆ, ಕೋಸು, ಬೀಟ್‌ರೂಟ್, ಶಿರೋ (ಕಡಲೆ ಹಿಟ್ಟಿನ ಗೊಜ್ಜು) ಎಲ್ಲ ಬರುತ್ತದೆ. ಇಂಜೆರಾ ಹುಳಿ ಬಂದ ದೋಸೆಯ ಹಾಗೇ ಇರುತ್ತದೆ. ಬೇರೆ ದಿನ ಅದೇ ಶಿರೋಗೆ ಬೆಣ್ಣೆ ಬೀಳಬಹುದು, ಹುಷಾರು.

ಮೊಸರಿನ ಚಟ ಮಾತ್ರ ಬಿಡಲಿಲ್ಲ. ಹೋಟೆಲ್ ರೂಮಿನಲ್ಲಿ ಬಿಸಿ ಸೋಯಾ ಹಾಲಿಗೆ ಹಸಿಮೆಣಸಿನಕಾಯಿ ತೊಟ್ಟು ಹಾಕಿ, ಟವೆಲ್ ಸುತ್ತಿ ಇಟ್ಟೆ. ಎರಡು ಸಲ ಒಡೆದು ನಾರಿತು, ರೂಮ್ ಹುಡುಗ ಮೂಗು ಮುಚ್ಚಿಕೊಂಡೇ ಲೋಟ ಒಯ್ದ. ಆಮೇಲೆ ಹೆಪ್ಪಾಯಿತು, ಉಪ್ಪಿನಕಾಯಿ ಜೊತೆ ಅನ್ನಕ್ಕೆ ಕಲಸಿ ತಿಂದೆ. ಮನೆಯಿಂದ ಒಯ್ಯುವುದು ಗೊಜ್ಜವಲಕ್ಕಿ ಪುಡಿ ಒಂದೇ. ತಣ್ಣೀರು ಸಾಕು, ಅರ್ಧ ಗಂಟೆಗೆ ಊಟ. ಬೆಲ್ಲ ಗಂಟು ಕಟ್ಟದ ಹಾಗೆ ಅದಕ್ಕೆ ಏನು ಬೆರೆಸುತ್ತೇನೆ ಅನ್ನೋದು ಮಾತ್ರ ಗುಟ್ಟು. ಪಂದ್ಯ ಸೋತವರಿಗೂ ಹೇಳಿಲ್ಲ.

ಜರ್ಮನಿಯಂಥ ಕಡೆ ಪಂಚಾಂಗ ನಡೆಯುವುದಿಲ್ಲ, ಸೂಪರ್ ಮಾರ್ಕೆಟ್ಟೇ ಗತಿ. ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ, ಅಲರ್ಜಿ ತರುವ 14 ಪದಾರ್ಥಗಳನ್ನು ಪೊಟ್ಟಣದ ಪಟ್ಟಿಯಲ್ಲಿ ಎದ್ದು ಕಾಣುವಂತೆ ಅಚ್ಚು ಹಾಕಲೇಬೇಕು. ಹಾಲು, ಮೊಟ್ಟೆ, ಮೀನು ಎಲ್ಲ ಅದರಲ್ಲಿವೆ. ‘ಮಿಲ್ಶ್’ (ಹಾಲು), ‘ಐ’ (ಮೊಟ್ಟೆ) ಅಂತ ದಪ್ಪ ಅಕ್ಷರದಲ್ಲಿ ಕಂಡರೆ ವಾಪಸ್ ಇಡುತ್ತೇನೆ. ಜೇನು, ಜೆಲಟಿನ್ ಆ 14ರಲ್ಲಿ ಇಲ್ಲ. ಅವಕ್ಕೆ ಸಣ್ಣ ಅಕ್ಷರವನ್ನೂ ಓದಲೇಬೇಕು, ಕನ್ನಡಕ ಮರೆಯಬೇಡಿ.