ಎರಡನೇ ಬೆಂಚು, ಕಿಟಕಿಗೆ ಬೆನ್ನು: ಕಿವಿ ಮಂದವಿರುವ ಮಗುವಿಗಾಗಿ ಶಾಲೆಯಲ್ಲಿ ಕೇಳಿ ಪಡೆದದ್ದು

‘ಸ್ವಲ್ಪ ಗಮನ ಕೊಡಿ ಮೇಡಂ’ ಎಂದು ಕೇಳಿಕೊಂಡರೆ ಯಾವ ಟೀಚರೂ ಇಲ್ಲ ಅನ್ನುವುದಿಲ್ಲ. ‘ಆಯ್ತಮ್ಮ, ನೋಡ್ಕೋತೀನಿ’ ಅನ್ನುತ್ತಾರೆ, ಮನಸಾರೆ ಅನ್ನುತ್ತಾರೆ. ಆದರೆ ನಲವತ್ತು ಮಕ್ಕಳ ನಡುವೆ ಗಮನ ಕೊಡುವುದೆಂದರೆ ಏನು ಮಾಡುವುದು ಅಂತ ಅವರಿಗೂ ಗೊತ್ತಿರುವುದಿಲ್ಲ, ಕೇಳಿದ ನಮಗೂ ಗೊತ್ತಿರುವುದಿಲ್ಲ. ಎರಡೂ ಕಿವಿಯಲ್ಲಿ 65 ಡೆಸಿಬಲ್ (ಸದ್ದಿನ ಅಳತೆ) ಆಸುಪಾಸು ಕೇಳ್ಮೆಯ ನಷ್ಟವಿರುವ, ಕಿವಿ ಹಿಂದೆ ಕೂರುವ ಶ್ರವಣ ಮಿಷಿನ್ ಹಾಕುವ ಮಗಳನ್ನು ಒಂದರಿಂದ ಹತ್ತರವರೆಗೆ ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲೇ ಓದಿಸಿದ್ದೇವೆ. ಅಷ್ಟು ವರ್ಷದಲ್ಲಿ ಫಲ ಕೊಟ್ಟಿದ್ದು ಒಂದೇ ಕ್ರಮ: ಶಾಲೆಯಿಂದ ಏನು ಬೇಕೋ ಅದನ್ನು ಅಳತೆ ಹಾಕಿ ಬೇಡುವುದು. ಯಾವ ಬೆಂಚು, ಯಾರು, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ.

ಮೊದಲ ತೊಡಕು ನಂಬಿಕೆಯದು. ‘ಹೆಸರು ಕರೆದರೆ ತಿರುಗುತ್ತಾಳೆ, ಕಿವಿ ಚೆನ್ನಾಗೇ ಕೇಳುತ್ತೆ, ಪಾಠದಲ್ಲಿ ಆಸಕ್ತಿ ಇಲ್ಲ ಅಷ್ಟೆ’ ಎಂಬ ಮಾತು ಪ್ರತಿ ಜೂನ್‌ನಲ್ಲೂ ಬರುತ್ತದೆ. ಆಡಿಯೋಗ್ರಾಂ, ಅಂದರೆ ಕಿವಿ ಪರೀಕ್ಷೆಯ ವರದಿಯ ಹಾಳೆ ಕೊಟ್ಟರೆ ಫೈಲಿಗೆ ಸೇರುತ್ತದೆ, ಓದುವವರಿಲ್ಲ. ನಾವು ಅದರ ಬದಲು ಒಂದು ಚೀಟಿ ಒಯ್ಯುತ್ತಿದ್ದೆವು. ಚೀಟಿಯ ಮೇಲೆ ಹೀಗೆ ಬರೆದಿರುತ್ತಿತ್ತು:

_ಅ_ಇ, _ಈಲದಿಂದ _ಉ__ಅ_ಅ _ಎಗಿ.

ಓದಲು ಹೇಳಿದರೆ ಯಾರಿಗೂ ಬರುವುದಿಲ್ಲ. ಚೀಟಿ ತಿರುಗಿಸಿದರೆ: ‘ಶಶಿ, ಚೀಲದಿಂದ ಪುಸ್ತಕ ತೆಗಿ.’ ಮಾತಿನ ಗಟ್ಟಿತನವೆಲ್ಲ ಸ್ವರಗಳಲ್ಲಿದೆ. ಸ, ಶ, ಚ, ತ, ಪ, ಕ ಮೆಲುದನಿಯ ಅಕ್ಷರಗಳು, ಅದರಲ್ಲೂ ಸ, ಶ ತೀರಾ ಮೇಲಿನ ಶ್ರುತಿಯವು. ಸದ್ದು ಕಿವಿಗೆ ಬೀಳುತ್ತದೆ, ಅದಕ್ಕೇ ಮಗು ತಿರುಗುತ್ತದೆ. ಮಾತು ಬೀಳುವುದಿಲ್ಲ. ಈ ಚೀಟಿಗೆ ಹಿಡಿಯುವುದು ಎರಡು ನಿಮಿಷ. ಸ್ಟಾಫ್ ರೂಮಿನಲ್ಲಿ ಎಲ್ಲ ವಿಷಯದ ಟೀಚರುಗಳೂ ಇರುವಾಗ ತೋರಿಸಿದರೆ ಒಬ್ಬೊಬ್ಬರಿಗೆ ವಿವರಿಸುವ ಶ್ರಮ ಉಳಿಯುತ್ತದೆ.

ಆಮೇಲೆ ಜಾಗ. ಕಿವಿ ಕೇಳದ ಮಗುವನ್ನು ಮೊದಲ ಬೆಂಚಿನ ನಡುವೆ ಕೂರಿಸುವುದು ಎಲ್ಲ ಕಡೆ ರೂಢಿ. ಅಲ್ಲಿ ಕೂತರೆ ಕತ್ತೆತ್ತಿ ನೋಡಬೇಕು, ಹಿಂದಿನ ಮಕ್ಕಳು ಉತ್ತರ ಹೇಳಿದಾಗ ಯಾರು ಮಾತಾಡಿದ್ದು ಅಂತಲೇ ತಿಳಿಯುವುದಿಲ್ಲ. ಎರಡನೇ ಸಾಲು, ಒಂದು ಬದಿಗೆ, ಟೀಚರು ನಿಲ್ಲುವ ಜಾಗದಿಂದ ಒಂದೂವರೆಯಿಂದ ಎರಡು ಮೀಟರ್ ಒಳಗೆ: ಇದು ಒಳ್ಳೆಯ ಜಾಗ. ಮಗಳಿಗೆ ಬಲಗಿವಿ ಸ್ವಲ್ಪ ವಾಸಿ. ಹಾಗಾಗಿ ಎಡಗಡೆ ಗೋಡೆಯ ಪಕ್ಕ ಕೂತರೆ ಬಲಗಿವಿ ಇಡೀ ತರಗತಿಯ ಕಡೆಗಿರುತ್ತದೆ. ಬೆಳಕು ಮಗುವಿನ ಬೆನ್ನ ಕಡೆಯಿಂದ ಬರಬೇಕು. ಟೀಚರು ಕಿಟಕಿಗೆ ಬೆನ್ನು ಹಾಕಿ ನಿಂತರೆ ಅವರ ಮುಖ ಕಪ್ಪಗೆ ಕಾಣುತ್ತದೆ, ತುಟಿ ಓದಲಾಗದು. ಮಗುವಿನ ಕಡೆಯ ಕಿಟಕಿಯಾಚೆ ರಸ್ತೆಯೋ ಬಿಸಿಯೂಟದ ಅಡುಗೆಮನೆಯೋ ಇದ್ದರೆ ಬದಿ ಬದಲಿಸಿ. ಗಿರಗಿರ ಅನ್ನುವ ಫ್ಯಾನಿನ ಕೆಳಗಂತೂ ಬೇಡವೇ ಬೇಡ.

ದೂರಕ್ಕೆ ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 65 ಇದ್ದ ದನಿ ನಾಲ್ಕು ಮೀಟರಿಗೆ 53. ಸಿಮೆಂಟು ಗೋಡೆಯ ಕೋಣೆಯಲ್ಲಿ ಅಷ್ಟು ಇಳಿಯದು, ಆದರೆ ಪ್ರತಿಧ್ವನಿ ಸೇರಿ ಅಕ್ಷರ ಅಕ್ಷರಕ್ಕೆ ಮೆತ್ತಿಕೊಳ್ಳುತ್ತದೆ. ಮಿಷಿನ್ ಎಲ್ಲವನ್ನೂ ದೊಡ್ಡದು ಮಾಡುತ್ತದೆ, ಬೆಂಚು ಎಳೆದ ಸದ್ದನ್ನೂ. ಕನ್ನಡಕ ಹಾಕಿದರೆ ಕಣ್ಣು ಸರಿಯಾದಂತೆ ಮಿಷಿನ್ ಹಾಕಿದರೆ ಕಿವಿ ಸರಿಯಾಗುತ್ತದೆ ಎಂಬ ತಪ್ಪು ತಿಳಿವಳಿಕೆಯನ್ನು ಮೊದಲ ದಿನವೇ ಬಿಡಿಸಬೇಕು. ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಬೆಂಚು, ಕುರ್ಚಿಗಳ ಕಾಲಿಗೆ ಸುತ್ತಿದೆವು. ಖರ್ಚಿಲ್ಲದ ಕೆಲಸ, ಫರಕು ಟೀಚರಿಗೂ ಗೊತ್ತಾಯಿತು.

ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿಯ ನಲಿ-ಕಲಿ (ಮಕ್ಕಳು ಗುಂಪಿನಲ್ಲಿ ಕಾರ್ಡು ಹಿಡಿದು ಕಲಿಯುವ ಪದ್ಧತಿ) ಕೋಣೆಯ ಲೆಕ್ಕವೇ ಬೇರೆ. ಐದು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ಮಕ್ಕಳು ಏಕಕಾಲಕ್ಕೆ ಮಾತಾಡುತ್ತಿರುತ್ತಾರೆ. ಗದ್ದಲದ ಮಟ್ಟಿಗೆ ಇಂಥ ಮಗುವಿಗೆ ಇದಕ್ಕಿಂತ ಕಷ್ಟದ ಕೋಣೆ ಇಲ್ಲ. ಆದರೆ ಶಿಕ್ಷಕರ ಪೂರ್ಣ ಬೆಂಬಲದ ತಟ್ಟೆಯಲ್ಲಿ ಟೀಚರು ಮಗುವಿನ ಎದುರು, ಅರ್ಧ ಮೀಟರಿನಲ್ಲಿ, ಕಣ್ಣಿನ ಮಟ್ಟದಲ್ಲಿ ಕೂರುತ್ತಾರೆ. ಅದು ಬೇರೆಲ್ಲೂ ಸಿಗದ ಅನುಕೂಲ. ಹೊಸ ಕಾರ್ಡು ಶುರುವಾಗುವ ದಿನ ಆ ತಟ್ಟೆಯನ್ನು ಕೋಣೆಯ ಮೂಲೆಗೆ ಎಳೆದುಕೊಳ್ಳಿ ಎಂದಷ್ಟೇ ಕೇಳಿದೆವು. ತಗಡಿನ ಮಾಡಿನ ಶಾಲೆಯಾದರೆ ಮಳೆಗಾಲಕ್ಕೂ ಒಂದು ಒಪ್ಪಂದ ಬೇಕು: ಮಳೆ ಜೋರಾದರೆ ಬಾಯಿಪಾಠ ನಿಲ್ಲಿಸಿ ಬೋರ್ಡಿನ ಕೆಲಸ, ಲೆಕ್ಕ. ಆ ಸದ್ದಿನಲ್ಲಿ ಕಿವಿ ಸರಿಯಿರುವವರಿಗೂ ಪಾಠ ಕೇಳುವುದಿಲ್ಲ.

ಮಿಷಿನ್ ಓಡುತ್ತಿದೆಯೇ ಎಂಬುದನ್ನು ದಿನಾ ನೋಡಬೇಕು. ಸೆಲ್ ಸತ್ತ ಮಿಷಿನ್ ಹಾಕಿಕೊಂಡ ಮಗು ಕಿವಿಗೆ ಬಿರಡೆ ಹಾಕಿಕೊಂಡಂತೆ, ಇರುವಷ್ಟು ಕೇಳ್ಮೆಯೂ ಹೋಗುತ್ತದೆ. ಸಣ್ಣ ಮಕ್ಕಳು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕಿವುಡ ಮಕ್ಕಳಿಗೆ ಮಾತು ಕಲಿಸುವುದರಲ್ಲಿ ಪರಿಣತರಾದ ಡೇನಿಯಲ್ ಲಿಂಗ್ ರೂಪಿಸಿದ ಆರು ಸದ್ದಿನ ಪರೀಕ್ಷೆಯನ್ನು ಬೆಳಿಗ್ಗೆ ಮನೆಯಲ್ಲಿ ನಾವು ಮಾಡುತ್ತಿದ್ದೆವು, ಹಾಜರಿ ಕೂಗುವ ಮುಂಚೆ ಟೀಚರು ಮಾಡುತ್ತಿದ್ದರು: ಆ, ಈ, ಊ, ಮ್, ಶ್, ಸ್. ಮಗುವಿನ ಹಿಂದೆ ಒಂದು ಮೀಟರ್ ದೂರ ನಿಂತು, ಮಾಮೂಲಿ ದನಿಯಲ್ಲಿ, ಕ್ರಮ ತಪ್ಪಿಸಿ ಹೇಳಬೇಕು. ಮಗು ಅದನ್ನೇ ತಿರುಗಿ ಹೇಳಬೇಕು. ಒಂದೊಂದಕ್ಕೂ ನಡುವೆ ಒಂದೇ ಅಳತೆಯ ಬಿಡುವು ಕೊಟ್ಟರೆ ಮಕ್ಕಳು ಊಹಿಸುತ್ತಾರೆ, ಹೆಚ್ಚುಕಡಿಮೆ ಮಾಡಿ. ಬಾಯಿಗೆ ಕೈ ಅಡ್ಡ ಹಿಡಿಯಬೇಡಿ, ‘ಸ್’ ಕೈಯಲ್ಲೇ ಅಡಗಿಬಿಡುತ್ತದೆ. ಒಟ್ಟು ಒಂದು ನಿಮಿಷದ ಕೆಲಸ. ಆರೂ ಹೋದರೆ ಬಹುತೇಕ ಸೆಲ್ಲೇ ಮುಗಿದಿರುತ್ತದೆ. ನಿನ್ನೆ ಕೇಳಿದ ‘ಸ್’ ಇವತ್ತು ಕೇಳದಿದ್ದರೆ ಟ್ಯೂಬಿನಲ್ಲಿ ನೀರಿನ ಹನಿ ಇದೆಯೇ, ಅಚ್ಚಿನ (ಮಿಷಿನ್ನಿನ ಕಿವಿಯೊಳಗೆ ಕೂರುವ ಭಾಗ) ತೂತಿಗೆ ಗುಗ್ಗೆ ಕಟ್ಟಿದೆಯೇ ನೋಡಿ. ಅಚ್ಚನ್ನು ಮಿಷಿನ್ನಿನಿಂದ ಬಿಡಿಸಿ, ಒತ್ತಿದರೆ ಗಾಳಿ ಊದುವ ಪುಟ್ಟ ಬ್ಲೋವರ್‌ನಿಂದ ಊದಿದರೆ ಹನಿ ಹೋಗುತ್ತದೆ. ‘ಕುಂಯ್’ ಅಂತ ಸಿಳ್ಳೆ ಹೊಡೆದರೆ ಅಚ್ಚು ಸರಿಯಾಗಿ ಕೂತಿಲ್ಲ, ಇಲ್ಲವೇ ಮಗು ಬೆಳೆದು ಅದು ಸಡಿಲವಾಗಿದೆ, ಅಥವಾ ಕಿವಿಯಲ್ಲಿ ಗುಗ್ಗೆ ತುಂಬಿದೆ. ಸಿಳ್ಳೆಗೆ ಬೇಸತ್ತು ವಾಲ್ಯೂಮ್ ಇಳಿಸುವವರು ಬಹಳ. ಇಳಿಸಿದರೆ ಮಿಷಿನ್ ಹಾಕಿಯೂ ಉಪಯೋಗವಿಲ್ಲ. ಬೆಳೆಯುವ ವಯಸ್ಸಿನಲ್ಲಿ ಆರು ತಿಂಗಳಿಂದ ವರ್ಷದೊಳಗೆ ಹೊಸ ಅಚ್ಚು ಬೇಕೇ ಬೇಕು.

ಟೀಚರ ಮೇಜಿನ ಡ್ರಾದಲ್ಲಿ ಒಂದು ಸಣ್ಣ ಡಬ್ಬಿ ಇಡಿಸಿದ್ದೆವು: ಒಂದು ಪಟ್ಟಿ ಸೆಲ್ (ನಮ್ಮದು 13ನೇ ನಂಬರು, ಕಿತ್ತಳೆ ಬಣ್ಣದ ಗುರುತಿನದು, ಹೆಚ್ಚು ಶಕ್ತಿಯ ಮಿಷಿನ್ನಿಗೆ 675, ನೀಲಿ ಗುರುತು), ಒಣ ಬಟ್ಟೆ, ಬ್ಲೋವರ್, ಆಟದ ಪಿರಿಯಡ್‌ನಲ್ಲಿ ಮಿಷಿನ್ ಬಿಚ್ಚಿಡಲು ಸಿಲಿಕಾ ಜೆಲ್ ಹಾಕಿದ ಪುಟ್ಟ ಪೆಟ್ಟಿಗೆ. ಈ ಸೆಲ್ ಗಾಳಿ ತಾಗಿದರೆ ಕೆಲಸ ಶುರುಮಾಡುವಂಥದ್ದು. ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಬೇಕು. ಒಮ್ಮೆ ಕಿತ್ತ ಮೇಲೆ ಮತ್ತೆ ಅಂಟಿಸಿಟ್ಟರೆ ಉಳಿಯುವುದಿಲ್ಲ. ಹಳೆ ಸೆಲ್ ಮನೆಗೆ ವಾಪಸ್ ಬರಲೇಬೇಕು, ಲೆಕ್ಕ ಇಡಿ. ಯಾವುದಾದರೂ ಮಗು ಸೆಲ್ ನುಂಗಿದರೆ ಕಾಯುವಂತಿಲ್ಲ, ಆಗಲೇ ಆಸ್ಪತ್ರೆ.

ಇಷ್ಟೆಲ್ಲ ಸರಿಯಿದ್ದರೂ ಪಾಠ ಎಲ್ಲಿ ಸೋರುತ್ತದೆ ಎಂಬುದನ್ನು ಹುಡುಕುತ್ತಿರಬೇಕು. ಉಕ್ತಲೇಖನದಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. ಕ, ಗ ಗಂಟಲ ಹತ್ತಿರದವು, ಕಾಣುವುದೇ ಇಲ್ಲ. ‘ಪಾಲು’ ‘ಬಾಲು’ ಆದರೆ ಕಾಗುಣಿತ ಬಾರದು ಎಂದು ತೀರ್ಮಾನಿಸಬಾರದು. ಬಿಡಿ ಪದದ ಬದಲು ವಾಕ್ಯದಲ್ಲಿಟ್ಟು, ಮಗುವಿನ ಎದುರು ನಿಂತು, ಎರಡು ಸಲ ಹೇಳಿ ಎಂದು ಬರೆದುಕೊಟ್ಟೆವು. ಇನ್ನೂ ದೊಡ್ಡ ನಷ್ಟ ಪದದ ಬಾಲದಲ್ಲಿದೆ. ಮನೆಗೆ, ಮನೆಯಲ್ಲಿ, ಮನೆಯಿಂದ: ಅರ್ಥವೆಲ್ಲ ಕೊನೆಯ ತುಣುಕಿನಲ್ಲಿ, ನಾವು ಅದನ್ನೇ ನುಂಗಿ ಮಾತಾಡುತ್ತೇವೆ. ಆದ್ದರಿಂದಲೇ ‘ನಾನು ಶಾಲೆ ಹೋದೆ’ ಎಂಬ ಬರವಣಿಗೆ. ಇದಕ್ಕೆ ಮದ್ದು ಓದು. ಕೇಳಿ ಕಲಿಯದ ಪ್ರತ್ಯಯವನ್ನು ಕಣ್ಣಿಂದ ನೂರು ಸಲ ಕಂಡು ಕಲಿಯುತ್ತಾರೆ.

ನಾವು ಮಾಡಿದ್ದರಲ್ಲಿ ಹೆಚ್ಚು ಫಲ ಕೊಟ್ಟಿದ್ದು ಭಾನುವಾರದ ಅರ್ಧ ಗಂಟೆ. ಮುಂದಿನ ವಾರ ಯಾವ ಪಾಠ ಎಂದು ಶನಿವಾರವೇ ಟೀಚರನ್ನು ಕೇಳಿಕೊಂಡು, ಅದರಿಂದ ಎಂಟು ಹತ್ತು ಹೊಸ ಪದ ಆರಿಸಿ ಮನೆಯಲ್ಲಿ ಹೇಳಿಸಿ, ಬರೆಸಿ, ಚಿತ್ರ ತೋರಿಸುವುದು. ‘ಆವಿಯಾಗುವಿಕೆ’ ಮೊದಲೇ ಗೊತ್ತಿದ್ದರೆ ತರಗತಿಯಲ್ಲಿ ಅರ್ಧ ಕೇಳಿದರೂ ಪೂರ್ತಿ ತಿಳಿಯುತ್ತದೆ. ಗೊತ್ತಿಲ್ಲದಿದ್ದರೆ ಪೂರ್ತಿ ಕೇಳಿದರೂ ಅದು ಬರೀ ಸದ್ದು.

ಟೀಚರಿಗೆ ಮೂರೇ ಮಾತು ಕೇಳಿಕೊಂಡಿದ್ದೆವು. ಬೋರ್ಡಿನ ಕಡೆ ತಿರುಗಿ ಬರೆಯುವಾಗ ಮಾತು ಬೇಡ. ಬೇರೆ ಮಗು ಉತ್ತರ ಹೇಳಿದರೆ ಅದನ್ನು ನೀವೊಮ್ಮೆ ಹೇಳಿ. ಮೂರನೆಯದು, ‘ಗೊತ್ತಾಯ್ತಾ?’ ಎಂದು ಕೇಳಬೇಡಿ, ‘ಈಗ ಏನು ಮಾಡ್ಬೇಕು, ಹೇಳು’ ಎಂದು ಕೇಳಿ. ಗೊತ್ತಾಯ್ತಾ ಅಂದರೆ ಈ ಮಕ್ಕಳು ಯಾವಾಗಲೂ ‘ಹೂಂ’ ಅನ್ನುತ್ತಾರೆ. ನಕ್ಕು ತಲೆಯಾಡಿಸುವುದನ್ನು ಅವರು ತುಂಬ ಬೇಗ ಕಲಿಯುತ್ತಾರೆ. ಇದೊಂದನ್ನು ಬದಲಿಸಿದ ಟೀಚರಿಗೆ ಹದಿನೈದು ದಿನದಲ್ಲಿ ಮಗುವಿನ ನಿಜವಾದ ಮಟ್ಟ ತಿಳಿಯುತ್ತದೆ.

ತುಟಿ ನೋಡುತ್ತಾ ನೋಟ್ಸ್ ಬರೆಯಲಾಗುವುದಿಲ್ಲ. ಪಕ್ಕದ ಮಗು ಕಾರ್ಬನ್ ಹಾಳೆ ಇಟ್ಟು ಬರೆದು ಒಂದು ಪ್ರತಿ ಕೊಡಬೇಕು. ಆ ಜೊತೆಗಾರರನ್ನು ತಿಂಗಳಿಗೊಮ್ಮೆ ಬದಲಿಸಿ, ಒಬ್ಬರಿಗೇ ಹೊರೆಯಾದರೆ ಸ್ನೇಹ ಕೆಡುತ್ತದೆ. ಪ್ರಾರ್ಥನೆಯಲ್ಲಿ ಮೈಕಿನಲ್ಲಿ ಹೇಳುವ ಸೂಚನೆ ಇವರಿಗೆ ದಕ್ಕುವುದಿಲ್ಲ, ಅದು ಬೋರ್ಡಿನ ಮೂಲೆಯಲ್ಲಿ ಬರಲಿ. ಗಣಿತ, ವಿಜ್ಞಾನ ಬೆಳಿಗ್ಗೆ ಇದ್ದರೆ ಒಳ್ಳೆಯದು. ಕಿವಿಗೊಟ್ಟು ಕೂರುವುದೇ ದುಡಿಮೆಯಾದ್ದರಿಂದ ಮಧ್ಯಾಹ್ನದ ಹೊತ್ತಿಗೆ ಮಗು ಸೋತುಹೋಗಿರುತ್ತದೆ. ಅದನ್ನು ಸೋಮಾರಿತನ ಎಂದು ಯಾರಾದರೂ ಕರೆದಾಗ ನನಗೆ ಈಗಲೂ ಸಂಕಟವಾಗುತ್ತದೆ.

ಇವೆಲ್ಲ ಬಾಯಿಮಾತಾದರೆ ಟೀಚರು ವರ್ಗವಾದ ದಿನವೇ ಮುಗಿಯುತ್ತದೆ. ಜೂನ್ ಮೊದಲ ವಾರ ಮುಖ್ಯ ಶಿಕ್ಷಕರಿಗೆ ಒಂದು ಪುಟದ ಅರ್ಜಿ, ಎರಡು ಪ್ರತಿ. ಒಂದರ ಮೇಲೆ ಶಾಲೆಯ ಮೊಹರು, ದಿನಾಂಕ ಹಾಕಿಸಿ ಮನೆಗೆ. ಒಕ್ಕಣೆ ನೇರವಾಗಿರಲಿ: ‘ಎಡ ಸಾಲಿನ ಎರಡನೇ ಬೆಂಚು ಕೊಡುವುದು. ಪ್ರತಿದಿನ ತರಗತಿ ಶಿಕ್ಷಕರು ಆರು ಸದ್ದಿನ ಪರೀಕ್ಷೆ ಮಾಡುವುದು. ಉಕ್ತಲೇಖನವನ್ನು ಎದುರು ನಿಂತು ಎರಡು ಬಾರಿ ಹೇಳುವುದು. ಮೌಖಿಕ ಪರೀಕ್ಷೆಯ ಪ್ರಶ್ನೆಗಳನ್ನು ಬರೆದು ತೋರಿಸುವುದು.’ ಒಂದು ವರ್ಷಕ್ಕೆ ಐದು ಬೇಡಿಕೆ ಮೀರಬೇಡಿ. ಹದಿನೈದು ಬರೆದರೆ ಒಂದೂ ನಡೆಯುವುದಿಲ್ಲ. ಆಗಸ್ಟಿನಲ್ಲಿ ಮತ್ತೆ ಹೋಗಿ, ಯಾವುದು ನಡೆಯುತ್ತಿದೆ, ಯಾವುದು ಕಷ್ಟ ಎಂದು ಟೀಚರನ್ನೇ ಕೇಳಿ.

ಅರ್ಜಿಯಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಕಲಂ 16 ಮತ್ತು 17 ಎಂದು ಒಂದೇ ಸಾಲು ಸಾಕು. ಹದಿನಾರರ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆ, ಅಂದರೆ ಖಾಸಗಿ ಶಾಲೆಯೂ, ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು, ಕಿವುಡ ಮಕ್ಕಳಿಗೆ ಅವರಿಗೆ ಹೊಂದುವ ಭಾಷೆ, ವಿಧಾನದಲ್ಲಿ ಕಲಿಸಬೇಕು. ಹದಿನೇಳರಲ್ಲಿ ಪರೀಕ್ಷೆಗೆ ಹೆಚ್ಚುವರಿ ಸಮಯ, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿ ಇವೆ. ಕಲಂ 31ರಂತೆ 40 ಶೇಕಡಾಕ್ಕೆ ಕಡಿಮೆಯಿಲ್ಲದ ನ್ಯೂನತೆಯಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಒಂದು ತೊಡಕು ತಿಳಿದಿರಲಿ: ಕಾನೂನಿನ ಅನುಸೂಚಿಯಲ್ಲಿ ಎರಡೂ ಕಿವಿಗೆ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಮಂದ ಶ್ರವಣ, 70 ಆದರೆ ಕಿವುಡುತನ. ಒಂದೇ ಕಿವಿ ಕೇಳದ, ಅಥವಾ 50 ಡೆಸಿಬಲ್ ನಷ್ಟದ ಮಗು ಇದರೊಳಗೆ ಬರುವುದಿಲ್ಲ, ತರಗತಿಯಲ್ಲಿ ಪಡುವ ಪಾಡು ಮಾತ್ರ ಬಹುಪಾಲು ಅದೇ. ಅಂಥವರು ಕಿವಿ ಪರೀಕ್ಷಿಸುವ ತಜ್ಞರಾದ ಆಡಿಯಾಲಜಿಸ್ಟರಿಂದ ‘ಎರಡು ಮೀಟರ್ ಒಳಗೆ ಕೂರಿಸಬೇಕು’ ಎಂದು ಸ್ಪಷ್ಟವಾಗಿ ಬರೆಸಿಕೊಂಡು ಅರ್ಜಿಗೆ ಲಗತ್ತಿಸಬೇಕು.

ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಆದ ಕೂಡಲೇ ಶಾಲೆಯು ಮಕ್ಕಳ ವಿವರ ತುಂಬುವ ಸರ್ಕಾರಿ ಯು-ಡೈಸ್, ಎಸ್‌ಎಟಿಎಸ್ ದಾಖಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಗು ಎಂದು ನಮೂದಾಗಿದೆಯೇ ನೋಡಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಎಂಬ ವಿಶೇಷ ಶಿಕ್ಷಕರಿರುತ್ತಾರೆ, ಅವರನ್ನು ಮೊದಲ ತಿಂಗಳೇ ಪರಿಚಯ ಮಾಡಿಕೊಳ್ಳಿ. ತರಗತಿಯ ಟೀಚರಿಗೆ ಪೋಷಕರು ಹೇಳಿದರೆ ದೂರು ಎನಿಸುವ ಮಾತು ಅವರು ಹೇಳಿದರೆ ಸಲಹೆಯಾಗುತ್ತದೆ. ಸಾಧನ ಹಂಚುವ ಶಿಬಿರದಲ್ಲಿ ಮಿಷಿನ್ ಸಿಕ್ಕರೆ ಬೇಡ ಅನ್ನಬೇಡಿ. ಆದರೆ ಮಗುವಿನ ಆಡಿಯೋಗ್ರಾಂಗೆ ತಕ್ಕಂತೆ ಪ್ರೋಗ್ರಾಂ ಮಾಡಿಸದೆ ಹಾಕಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಕೆಲಸಕ್ಕೆ ದೊಡ್ಡ ಆಸರೆ. ಶಾಲೆ ಲಿಖಿತ ಅರ್ಜಿಗೂ ಕದಲದಿದ್ದರೆ ಮೊಹರಿನ ಪ್ರತಿ ಇಟ್ಟು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಆಮೇಲೆ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು), ಕೊನೆಗೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರು. ನಮಗೆ ಬಿಇಒ ಕಚೇರಿ ದಾಟಬೇಕಾಗಿ ಬರಲಿಲ್ಲ.

ಭಾಷೆಯ ವಿನಾಯಿತಿಯಲ್ಲಿ ಅವಸರ ಬೇಡ. ಮೂರನೇ ಭಾಷೆ ಬಿಟ್ಟರೆ ಮಗುವಿಗೆ ಉಸಿರಾಡಲು ಜಾಗ ಸಿಗುತ್ತದೆ. ಇಂಗ್ಲಿಷ್ ಬಿಟ್ಟರೆ ಮುಂದೆ ಕೆಲವು ಕೋರ್ಸುಗಳ ಬಾಗಿಲು ಮುಚ್ಚುತ್ತವೆ. ನಾವು ಇಂಗ್ಲಿಷ್ ಉಳಿಸಿಕೊಂಡೆವು. ಎಂಟನೇ ತರಗತಿಯಲ್ಲೇ ತೀರ್ಮಾನಿಸಿ, ಎಸ್ಸೆಸ್ಸೆಲ್ಸಿ ನೋಂದಣಿಯ ಹೊತ್ತಿಗೆ ಕಾಗದ ಓಡಾಡಿಸುವಂತಾಗಬಾರದು.

ಮಿಷಿನ್ ಹಾಕಿಯೂ ಮಾತು ದಕ್ಕದ ಮಕ್ಕಳಿದ್ದಾರೆ. ಅವರಿಗೆ ಸನ್ನೆ ಭಾಷೆ ಬೇಕು, ಅದನ್ನು ಸೋಲೆಂದು ಎಣಿಸಬಾರದು. ಸನ್ನೆ ಬಲ್ಲವರು ಒಬ್ಬರೂ ಇಲ್ಲದ ಸಾಮಾನ್ಯ ಶಾಲೆಯಲ್ಲಿ ಅಂಥ ಮಗುವನ್ನು ವರ್ಷಗಟ್ಟಲೆ ಕೂರಿಸುವುದಕ್ಕಿಂತ ಕಿವುಡ ಮಕ್ಕಳ ಶಾಲೆಯೇ ಮೇಲು ಎಂದು ನಾನು ಹಲವು ತಂದೆತಾಯಿಯರಿಗೆ ಹೇಳಿದ್ದೇನೆ.

ಐದನೇ ತರಗತಿಯಿಂದ ಜೂನ್ ತಿಂಗಳ ಚೀಟಿಯನ್ನು ಮಗಳೇ ಒಯ್ಯಲು ಶುರುಮಾಡಿದಳು. ಅದಕ್ಕೆ ಮನೆಯಲ್ಲಿ ಮೂರು ವಾಕ್ಯ ಅಭ್ಯಾಸ ಮಾಡಿಸಿದ್ದೆವು: ‘ಮಿಸ್, ನನಗೆ ಕಿವಿ ಸ್ವಲ್ಪ ಮಂದ.’ ‘ನಿಮ್ಮ ಮುಖ ಕಂಡರೆ ತಿಳಿಯುತ್ತೆ.’ ‘ಈ ಕಡೆ ತಿರುಗಿ ಇನ್ನೊಂದ್ಸಲ ಹೇಳ್ತೀರಾ?’ ಮೂರನೆಯದನ್ನು ಇಡೀ ತರಗತಿಯ ಎದುರು ಕೇಳಲು ಅವಳಿಗೆ ಎರಡು ವರ್ಷ ಹಿಡಿಯಿತು.