ಬಣ್ಣ ನೋಡಿ ಕೂಲಂಟ್ ಹಾಕೋದು ಬಿಟ್ಟೆ, ಶಿರಾಡಿಯಲ್ಲಿ ಬಾನೆಟ್ ಎತ್ತೋದೂ ತಪ್ಪಿತು

ಈ ಬೇಸಿಗೆಯಲ್ಲೂ ನನ್ನ ಮೂರು ಗಾಡಿಗಳಲ್ಲಿ ಒಂದೂ ಘಾಟಿಯಲ್ಲಿ ಹೀಟ್ ಆಗಿ ನಿಂತಿಲ್ಲ. ಅರಸೀಕೆರೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಈ ಮಾತಿಗೆ ಈಗ ಯಾರೂ ಎದುರಾಡಲ್ಲ. ನಾಲ್ಕೈದು ವರ್ಷದ ಹಿಂದೆ "ಮೂರು ಸಾವಿರ ಕೊಟ್ಟು ಬಣ್ಣದ ನೀರು ತರ್ತೀಯಲ್ಲಣ್ಣ, ಬೋರಲ್ಲಿ ಬಿಟ್ಟಿ ಬರ್ತದೆ" ಅಂದವರೂ ಇವರೇ. ಆ ಬಣ್ಣದ ನೀರೇ ಕೂಲಂಟ್, ಇಂಜಿನ್ ತಣ್ಣಗಿಡೋಕೆ ರೇಡಿಯೇಟರಿಗೆ ತುಂಬೋದು. ಅದರ ಬಗ್ಗೆ ಈಗ ಅವರೇ ಕೇಳ್ತಾರೆ ಅಂತ ಬರೀತಿದ್ದೀನಿ.

ನಮ್ಮದು ಹೆಚ್ಚಿನದು ಧರ್ಮಸ್ಥಳ, ಕುಕ್ಕೆ ಬಾಡಿಗೆ. ಇಳಿಯುವಾಗ ಏನೂ ಇಲ್ಲ. ವಾಪಸ್ ಬರುವಾಗ ಶಿರಾಡಿ ಘಾಟಿ ಬುಡದ ಗುಂಡ್ಯದಿಂದ ಸಕಲೇಶಪುರದ 950 ಮೀಟರಿಗೆ ಹತ್ತಬೇಕು. ಏಳು ಜನ, ಮೇಲೆ ಕ್ಯಾರಿಯರ್ ತುಂಬ ಲಗೇಜು, ಎರಡೂ ಎಸಿ, ಮುಂದೆ ತೆವಳೋ ಟ್ಯಾಂಕರ್. ರೇಡಿಯೇಟರಿಗೆ ಗಾಳಿ ಸಿಗಲ್ಲ, ಇಂಜಿನ್ ಮಾತ್ರ ಬಿಡುವಿಲ್ಲದೆ ದುಡೀತಿರ್ತದೆ. ಮಾರನಹಳ್ಳಿ ಹತ್ತಿರ ಬಾನೆಟ್ ಎತ್ತಿಕೊಂಡು ನಿಂತವರನ್ನು ನೀವೂ ನೋಡಿರ್ತೀರಿ.

ನನ್ನ ಇನ್ನೋವಾ ಎರಡೂವರೆ ಲೀಟರ್ ಡೀಸೆಲ್, ಸೆಕೆಂಡ್ ಹ್ಯಾಂಡ್. ತಗೊಂಡಾಗ ಎರಡು ಲಕ್ಷ ಚಿಲ್ಲರೆ ಕಿಲೋಮೀಟರ್ ಓಡಿತ್ತು. ಮೊದಲನೇ ಬೇಸಿಗೆಯಲ್ಲೇ ಹೀಟ್ ಮೀಟರಿನ ಮುಳ್ಳು ಮೇಲೇರೋಕೆ ಶುರು. ಇಂಜಿನ್ ಬಿಸಿಯಾಗೋವರೆಗೂ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯೋ ಥರ್ಮೋಸ್ಟ್ಯಾಟನ್ನು ಒಂದು ಗ್ಯಾರೇಜಿನವರು ಕಿತ್ತು ಬಿಸಾಡಿದರು. ಬೆಳಗಿನ ಹೊತ್ತು ಇಂಜಿನ್ ಬಿಸಿಯೇ ಆಗದೆ ಡೀಸೆಲ್ ಕುಡಿಯೋಕೆ ಹತ್ತಿತು, ಘಾಟಿಯಲ್ಲಿ ಮಾತ್ರ ಅದೇ ಕಥೆ. ಆಮೇಲೆ ಫ್ಯಾನ್ ಕ್ಲಚ್ ಅಂದರು, ಆರೇಳು ಸಾವಿರ. ವಾಟರ್ ಪಂಪ್ ಅಂದರು, ನಾಲ್ಕು. ರೇಡಿಯೇಟರ್ ಹೊಸದು, ಒಂಬತ್ತರ ಹತ್ತಿರ. ಅಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿ ಫೇಸಿಂಗ್ ಮಾಡಿಸಿ ಇಪ್ಪತ್ತೆರಡು. ನಲವತ್ತು ಸಾವಿರ ದಾಟಿತು. ಸೀಸನ್ನಿನಲ್ಲಿ ಕೈತಪ್ಪಿದ ಬಾಡಿಗೆ ಬೇರೆ. ಇಷ್ಟಾದರೂ ಒಳಗೆ ಓಡಾಡೋ ನೀರು ಎಂಥದ್ದು ಅಂತ ಒಬ್ಬರೂ ನೋಡಲಿಲ್ಲ.

ಹಳೇ ರೇಡಿಯೇಟರನ್ನು ಗುಜರಿಗೆ ಹಾಕದೆ ಮನೆಗೆ ತಂದೆ. ಪ್ಲಾಸ್ಟಿಕ್ ಟ್ಯಾಂಕ್ ಬಿಚ್ಚಿ ನೋಡಿದರೆ ಕೊಳವೆ ಬಾಯಿಗಳಲ್ಲಿ ಬೂದು ಬಿಳಿ ಪದರ. ಕೆಲವು ಕಡೆ ಗುಂಡುಸೂಜಿ ಸಹ ಹೋಗಲ್ಲ. ಮೊಳೆಯಲ್ಲಿ ಕೆರೆದು ಆ ಪುಡಿಯನ್ನು ನಿಂಬೆ ಉಪ್ಪಿನ ನೀರಿಗೆ ಹಾಕಿದೆ, ಬುಸ್ ಅಂತ ಗುಳ್ಳೆ ಎದ್ದಿತು. ಸ್ನಾನದ ಹಂಡೆ ತಳದಲ್ಲಿ ಕಟ್ಟೋ ಸುಣ್ಣವೇ ಇದು. ನಮ್ಮ ಬೋರ್ ನೀರು ಎಷ್ಟು ಗಡಸು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಆದರೂ ಸ್ಟೀಲ್ ತಟ್ಟೆಯಲ್ಲಿ ಒಂದು ಲೋಟ ಬೋರ್ ನೀರು ಪೂರ್ತಿ ಇಂಗಿಸಿದೆ, ಉಂಗುರ ಉಂಗುರವಾಗಿ ಬಿಳಿ ಕಲೆ ಉಳಿಯಿತು. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರನ್ನು ಹಾಗೇ ಇಂಗಿಸಿದ ತಟ್ಟೆ ತೊಳೆದಿಟ್ಟ ಹಾಗೆ ಇತ್ತು.

ಅಲ್ಲಿಂದ ನಿಜವಾದ ವಿಷಯ ಸಿಕ್ಕಿತು. ಟೊಯೋಟಾದವರ ಗುಲಾಬಿ ಕೂಲಂಟಿನಲ್ಲಿ ಅಲ್ಯೂಮಿನಿಯಂ ಕಾಯೋದಕ್ಕೆ ಫಾಸ್ಫೇಟ್ ಇರುತ್ತೆ. ಅದೇ ಕೆಲಸ ಮಾಡೋ ಸಿಲಿಕೇಟನ್ನು ಜಪಾನಿನವರು ದೂರ ಇಡ್ತಾರೆ, ಪಂಪಿನ ಸೀಲ್ ಸವೆಯುತ್ತೆ ಅಂತ. ಯುರೋಪಿನವರು ಉಲ್ಟಾ, ಅವರ ನೀರು ಗಡಸು, ಹಾಗಾಗಿ ಫಾಸ್ಫೇಟ್ ಬೇಡ ಅಂತಾರೆ. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಫಾಸ್ಫೇಟ್ ಸೇರಿದರೆ ಗಟ್ಟಿ ಹೆಪ್ಪು ಕಟ್ಟುತ್ತೆ. ಅಂದರೆ ದುಬಾರಿ ಗುಲಾಬಿ ಕೂಲಂಟ್ ಹಾಕಿಸಿ, ಕಮ್ಮಿ ಆದಾಗ ಹೋಟೆಲ್ ನಲ್ಲಿಯಿಂದ ಟಾಪ್ ಅಪ್ ಮಾಡೋದಿದೆಯಲ್ಲ, ನಮ್ಮೂರ ಕಡೆ ಅದಕ್ಕಿಂತ ಕೆಟ್ಟ ಕೆಲಸ ಇಲ್ಲ. ನನ್ನ ಗಾಡಿಯಲ್ಲಿ ಹಿಂದಿನವರು ಬೇರೆ ಜಾತಿಯ ಹಸಿರು ಕೂಲಂಟನ್ನೂ ಸುರಿದಿದ್ದರು, ಬೋರ್ ನೀರನ್ನೂ ಸುರಿದಿದ್ದರು.

ನಾಲ್ಕು ಉಪ್ಪಿನಕಾಯಿ ಬಾಟ್ಲಿ ತೊಳೆದು ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಹಸಿರು, ಗುಲಾಬಿ ಎರಡೂ ಸೇರಿದರೆ ಜೆಲ್ಲಿ ಆಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ ಬಾಟ್ಲಿಯಲ್ಲಿ ತಿಂಗಳುಗಟ್ಟಲೆ ಇಟ್ಟರೂ ಜೆಲ್ಲಿ ಆಗಲಿಲ್ಲ, ಬಣ್ಣ ಮಾತ್ರ ಕೊಳಕಾಯಿತು. ಗುಲಾಬಿಗೆ ಬೋರ್ ನೀರು ಹಾಕಿದ್ದು ಮಾತ್ರ ಒಂದೆರಡು ವಾರದಲ್ಲೇ ಮಂಜುಮಂಜಾಗಿ ತಳದಲ್ಲಿ ಬಿಳಿ ಗಸಿ ಕೂತಿತು. ಹಾಗಂತ ಬಣ್ಣ ಬೆರೆಸಿದರೆ ಪರವಾಗಿಲ್ಲ ಅಂತ ನಾನು ಹೇಳಲ್ಲ. ಗಸಿ ಕಾಣದಿದ್ದರೂ ಐದು ವರ್ಷ ಬಾಳೋ ಕೂಲಂಟಿನ ಆಯಸ್ಸು ಹಸಿರಿನ ಹಾಗೆ ಎರಡು ವರ್ಷಕ್ಕೆ ಇಳಿಯುತ್ತೆ.

ಬಣ್ಣ ಬರೀ ಡೈ. ಹೋಂಡಾದವರದು ನೀಲಿ. ಟೊಯೋಟಾದವರದ್ದೇ ಹಳೇ ಕೆಂಪು ಬೇರೆ, ಗುಲಾಬಿ ಬೇರೆ. ಗುಲಾಬಿ ನೀರಿನ ಜೊತೆ ಅರ್ಧಕ್ಕರ್ಧ ಬೆರೆತೇ ಬರುತ್ತೆ, ಪ್ರಿಮಿಕ್ಸ್ ಅನ್ನೋದು ಅದಕ್ಕೇ. ಫೋಕ್ಸ್‌ವ್ಯಾಗನ್‌ನದು ಗುಲಾಬಿ, ನೇರಳೆ ಅಂತ ಬದಲಾಗ್ತಾ ಬಂದಿದೆ. ಡಬ್ಬಿ ಹಿಂದೆ ಸಣ್ಣಕ್ಷರದಲ್ಲಿ ಏನು ಬರೆದಿದೆ ಅನ್ನೋದನ್ನು ಗಾಡಿಯ ಪುಸ್ತಕದ ಪಕ್ಕ ಇಟ್ಟು ಓದಿ. ಭಾರತದ ಐಎಸ್ 5759, ಜಪಾನಿನ ಜೆಐಎಸ್ ಕೆ 2234 ಇಂಥ ಗುಣಮಟ್ಟದ ನಂಬರೇ ಇಲ್ಲದ ಡಬ್ಬಿಯನ್ನು ನಾನು ಮುಟ್ಟಲ್ಲ.

ಇನ್ನು ಮಾಡಿದ ಕೆಲಸ. ನಿಂಬೆ ಉಪ್ಪಿನಲ್ಲಿ ಒಳಗೆಲ್ಲ ತೊಳೆದೆ. ಅಲ್ಯೂಮಿನಿಯಂ ಇರೋದರಿಂದ ಹೆಚ್ಚು ಹೊತ್ತು ಬಿಡಬಾರದು. ಎಷ್ಟು ಗ್ರಾಂ, ಎಷ್ಟು ನಿಮಿಷ ಅನ್ನೋದು ನನ್ನ ಕೈ ಲೆಕ್ಕ, ಅದನ್ನು ಇಲ್ಲಿ ಬಿಚ್ಚಿಡಲ್ಲ. ಮೊದಲ ಸಲ ಕಾಫಿ ಬಣ್ಣದ ನೀರು ಬಂತು. ಆಮೇಲೆ ಡಿಸ್ಟಿಲ್ಡ್ ನೀರಿನಲ್ಲೇ ತೊಳೆದು ಬಿಟ್ಟು, ತೊಳೆದು ಬಿಟ್ಟು, ತಿಳಿ ಬರೋವರೆಗೂ ಬಿಡಲಿಲ್ಲ. ಐದು ಲೀಟರ್ ಕ್ಯಾನಿಗೆ ನೂರು ರೂಪಾಯಿ ಆಸುಪಾಸು, ಆರೇಳು ಕ್ಯಾನ್ ಹೋಯಿತು. ಕೊನೇ ಸುತ್ತಿನಲ್ಲೂ ಬೋರ್ ನೀರು ಮುಟ್ಟಿಸಬೇಡಿ. ಇಂಜಿನ್ ಬ್ಲಾಕಿನ ಒಳಗೆ ಒಂದೆರಡು ಲೀಟರ್ ಉಳಿದೇ ಉಳಿಯುತ್ತೆ, ಡ್ರೈನ್ ಪ್ಲಗ್ ಬಿಚ್ಚಿದರೇನೇ ಅದು ಇಳಿಯೋದು. ಸುಮಾರು ಗ್ಯಾರೇಜುಗಳಲ್ಲಿ ಆ ಪ್ಲಗ್ ತಂಟೆಗೇ ಹೋಗಲ್ಲ.

82 ಡಿಗ್ರಿಯ ಥರ್ಮೋಸ್ಟ್ಯಾಟ್ ಹೊಸದು ಹಾಕಿಸಿದೆ. ರೇಡಿಯೇಟರ್ ಮುಚ್ಚಳ, ಅಂದರೆ ಕ್ಯಾಪ್ ಕೂಡ ಹೊಸದು. ಕ್ಯಾಪಿನ ಬಗ್ಗೆ ಎಷ್ಟು ಹೇಳಿದರೂ ಸಾಲದು. 1.1 ಬಾರ್ ಕ್ಯಾಪ್ ಒತ್ತಡ ಹಿಡಿದರೆ ಬರೀ ನೀರು ಕೂಡ 120 ಡಿಗ್ರಿ ಹತ್ತಿರ ಕುದಿಯೋದು, ಅರ್ಧಕ್ಕರ್ಧ ಕೂಲಂಟ್ ಇನ್ನೂ ಏಳೆಂಟು ಡಿಗ್ರಿ ಮೇಲೆ. ಕ್ಯಾಪಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಸಕಲೇಶಪುರದಲ್ಲಿ ನೀರು ನೂರಕ್ಕೂ ಮೊದಲೇ ಕುದಿಯುತ್ತೆ. ಮುನ್ನೂರು ರೂಪಾಯಿ ಒಳಗಿನ ಸಾಮಾನು ಅದು. ಗುಲಾಬಿ ಪ್ರಿಮಿಕ್ಸ್ ಹತ್ತು ಲೀಟರ್ ಹತ್ತಿರ ಹಿಡಿಯಿತು, ಮೂರು ಸಾವಿರ ಚಿಲ್ಲರೆ. ಏರ್ ಲಾಕ್, ಅಂದರೆ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯೋದಕ್ಕೂ ನನ್ನದೇ ಒಂದು ವಿಧಾನ ಇದೆ, ಗಾಡಿ ಮೂತಿ ಮೇಲೆ ಮಾಡಿ ನಿಲ್ಲಿಸಬೇಕು ಅನ್ನೋವಷ್ಟು ಹೇಳ್ತೀನಿ.

ಎಲ್ಲ ಸೇರಿ ಆರೂವರೆ ಸಾವಿರದೊಳಗೆ ಮುಗಿಯಿತು. ಆಮೇಲಿನ ಮೊದಲ ಕುಕ್ಕೆ ಬಾಡಿಗೆ ಏಪ್ರಿಲ್‌ನಲ್ಲೇ ಬಂತು, ಮಧ್ಯಾಹ್ನ ಒಂದೂವರೆಗೆ ಗುಂಡ್ಯ ಬಿಟ್ಟೆ. ಮುಳ್ಳು ಅರ್ಧದಿಂದ ಅಲ್ಲಾಡಲಿಲ್ಲ. ಎಸಿ ಆಫ್ ಮಾಡಿಲ್ಲ. ಈಗ ಅದೇ ಕೂಲಂಟಿನಲ್ಲಿ ಒಂದೂವರೆ ಲಕ್ಷ ಕಿಲೋಮೀಟರ್ ಹತ್ತಿರ ಓಡಿದೆ, ಡಿಕ್ಕಿಯಲ್ಲಿ ಎರಡು ಲೀಟರ್ ಪ್ರಿಮಿಕ್ಸ್ ಸದಾ ಇರುತ್ತೆ, ನಲ್ಲಿ ನೀರು ಒಂದು ಹನಿ ಹೋಗಿಲ್ಲ. ಡಿಜೈರ್, ಇಂಡಿಕಾಗಳಿಗೂ ಅವುಗಳ ಪುಸ್ತಕದಲ್ಲಿ ಹೇಳಿದ್ದನ್ನೇ ತಂದು ಹೀಗೇ ಮಾಡಿದೆ. ಅವುಗಳಿಗೆ ಗುಲಾಬಿ ಹಾಕಿಲ್ಲ.

ನಮ್ಮ ಸ್ಟ್ಯಾಂಡಿನ ಹುಡುಗನೊಬ್ಬ ನೀರು ಬೆರೆಸದೆ ಬರೀ ಕಾನ್ಸಂಟ್ರೇಟ್ ತುಂಬಿಸಿದ್ದ, ತಂಪು ಜಾಸ್ತಿ ಅಂತ. ಶಾಖ ಹೊರೋದರಲ್ಲಿ ನೀರಿನ ಮುಂದೆ ಕೂಲಂಟಿನ ಮೂಲ ದ್ರವ ಗ್ಲೈಕಾಲ್ ಎಷ್ಟೋ ಕಮ್ಮಿ, ಅವನ ಗಾಡಿ ಇನ್ನೂ ಬಿಸಿಯಾಯಿತು. ನಮ್ಮಲ್ಲಿ ಹಿಮ ಇಲ್ಲ, ಹಾಗಾಗಿ ಕಾನ್ಸಂಟ್ರೇಟ್ ತಂದರೆ ನಾನು ನೂರು ಪಾಲಿನಲ್ಲಿ ಅದು ನಲವತ್ತು, ಉಳಿದದ್ದು ಡಿಸ್ಟಿಲ್ಡ್ ನೀರು ಬೆರೆಸ್ತೀನಿ. ಮೂವತ್ತಕ್ಕಿಂತ ಕೆಳಗೆ ಇಳಿದರೆ ತುಕ್ಕಿನ ಮದ್ದೂ ತೆಳುವಾಗುತ್ತೆ.

ಎಸಿಯಿಂದ ತೊಟ್ಟಿಕ್ಕೋ ನೀರನ್ನೂ ಹಿಡಿದು ಇಂಗಿಸಿ ನೋಡಿದ್ದೀನಿ. ತಟ್ಟೆಯಲ್ಲಿ ಬಿಳಿ ಕಲೆ ಬರಲ್ಲ, ಆದರೆ ಕಾಯಿಲ್ ಮೇಲಿನ ಧೂಳು ಬರುತ್ತೆ. ಬಟ್ಟೆಯಲ್ಲಿ ಸೋಸಿ ಮೊದಲ ತೊಳೆಯೋದಕ್ಕೆ ಬಳಸಬಹುದು, ತುಂಬೋದಕ್ಕೆ ಬೇಡ.

ಕೂಲಂಟಿನ ತುಕ್ಕಿನ ಮದ್ದು ಸೋತಿದೆಯಾ ಅಂತ ನೋಡೋಕೆ ಆರು ತಿಂಗಳಿಗೊಮ್ಮೆ ವೋಲ್ಟ್ ಅಳೆಯೋ ಮಲ್ಟಿಮೀಟರ್ ಹಿಡೀತೀನಿ. ಇಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು ಮೀಟರಿನ ಒಂದು ವೈರ್ ತುದಿ ಕೂಲಂಟಿಗೆ, ಲೋಹ ತಾಗಬಾರದು, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ. 0.3 ವೋಲ್ಟ್ ಒಳಗಿದ್ದರೆ ಓಡಿಸ್ತೀನಿ, 0.5 ದಾಟಿದರೆ ಅರ್ತಿಂಗ್ ನೋಡಿ, ಅದು ಸರಿ ಇದ್ದರೆ ಕೂಲಂಟ್ ಬದಲು. ಇನ್ನೋವಾ ಈಗ 0.2 ಚಿಲ್ಲರೆ ತೋರಿಸ್ತಿದೆ. ಬಿಟ್ಟ ಹಳೇ ಕೂಲಂಟನ್ನು ಚರಂಡಿಗೆ ಸುರಿಯಬೇಡಿ. ಅದು ಸಿಹಿ, ನಾಯಿ, ಕರು ನೆಕ್ಕಿದರೆ ಕಿಡ್ನಿ ಹೋಗಿ ಸಾಯ್ತವೆ. ಕ್ಯಾನಿನಲ್ಲಿ ತುಂಬಿ ಮುಚ್ಚಳ ಬಿಗಿದು, ಹಳೇ ಆಯಿಲ್ ಕ್ಯಾನಿನ ಜೊತೆ ಬೆರೆಯದ ಹಾಗೆ ಬೇರೆ ಇಡಿ.